ನಾವು ಈಗ ಎಷ್ಟನೇ ಮಹಡಿಯಲ್ಲಿದ್ದೇವೆ?

(ಮುಂಬೈಯ ಮಾಟುಂಗದಲ್ಲಿ ಒಂದು ಭಾನುವಾರ ಸಂಜೆ ಕನ್ನಡಿಗರ ಮುಂದೆ ಆಡಿದ ಮಾತು. ಅವತ್ತು ಚೀಟಿ ಇಟ್ಟುಕೊಂಡಿರಲಿಲ್ಲ. ಬರೆಯುವಾಗ ಹೇಳಿದ್ದು ಒಂದಷ್ಟು ಬಿಟ್ಟುಹೋಗಿದೆ, ಹೇಳದೇ ಇದ್ದದ್ದು ಒಂದಷ್ಟು ಸೇರಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಹೋದ ಸಲ ಒಂದು ಕಡೆ ಮಾತು ಮುಗಿಸಿ ಇಳಿಯುವಷ್ಟರಲ್ಲಿ ಮೂರು ಜನ ಬಿಪಿ ಮಾತ್ರೆಯ ಸ್ಟ್ರಿಪ್ ಹಿಡಿದು ನಿಂತಿದ್ದರು. ನಾನು 31 ವರ್ಷ ಬ್ಯಾಂಕಿನ ಕೌಂಟರ್ ಹಿಂದೆ ಕೂತವಳು. 56ಕ್ಕೆ ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ, ತಗೊಂಡೆ, ಮಾರನೇ ವರ್ಷ ಇಲ್ಲೇ ಮುಂಬೈಯಲ್ಲಿ ಜೆರೊಂಟಾಲಜಿ ಓದಲು ಸೇರಿಕೊಂಡೆ. ಮುಪ್ಪಿನ ಬಗ್ಗೆ ಓದೋದು. ಊರಲ್ಲಿ ಚಿಕ್ಕಮ್ಮ ಕೇಳಿ, "ಅದನ್ನು ಓದೋದೆಂತ, ಸುಮ್ನೆ ಕೂತ್ರೂ ಬತ್ತಲ್ಲ" ಅಂದರು. ಇಷ್ಟು ಚೆನ್ನಾಗಿ ಈ ವಿಷಯವನ್ನು ನಮ್ಮ ಪ್ರೊಫೆಸರೂ ಹೇಳಿಕೊಡಲಿಲ್ಲ.

ಯಾಕೆ ಸೇರಿದೆ ಅಂದರೆ, ಅಮ್ಮನಿಂದ.

ಅಮ್ಮನಿಗೆ ಆಗ 78. ಕುಂದಾಪುರದ ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದು ಅರ್ಧ ಶತಮಾನ ದಾಟಿತ್ತು. ತರಕಾರಿಯವನ ಹತ್ತಿರ ಮರಾಠಿ, ಹಾಲಿನ ಭೈಯಾ ಹತ್ತಿರ ಹಿಂದಿ, ಜಗಳಕ್ಕೆ ಎರಡೂ. ಆದರೆ ಲೆಕ್ಕ ಮಾತ್ರ ಕನ್ನಡದಲ್ಲೇ. ಚಿಲ್ಲರೆ ಎಣಿಸುವಾಗ ತುಟಿ ಅಲ್ಲಾಡುವುದನ್ನು ನೋಡಿದರೆ ಗೊತ್ತಾಗುತ್ತದೆ. ಎರಡು ಸಲ ಗ್ಯಾಸ್ ಆರಿಸದೇ ಬಿಟ್ಟರು, ಒಂದು ಸಲ ನನ್ನ ತಮ್ಮನನ್ನು ತೀರಿಹೋದ ಮಾವನ ಹೆಸರಿನಿಂದ ಕರೆದರು. ನಾವು ಹೆದರಿ ದೊಡ್ಡದೊಂದು ಆಸ್ಪತ್ರೆಗೆ ಕರಕೊಂಡು ಹೋದೆವು. ಯಾವ ಆಸ್ಪತ್ರೆ ಅಂತ ಬೇಡ. ಡಾಕ್ಟರ್ ಸಣ್ಣ ಹುಡುಗ, ಒಳ್ಳೆಯವನೇ, ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಮರೆವು ಅಳೆಯುವ ಒಂದು ಫಾರ್ಮ್ ತೆಗೆದು ಹಿಂದಿಯಲ್ಲಿ ಕೇಳಲು ಶುರು ಮಾಡಿದ. ಇವತ್ತು ಯಾವ ತಾರೀಖು. ಇದು ಯಾವ ಜಾಗ. ನಾವು ಈಗ ಎಷ್ಟನೇ ಮಹಡಿಯಲ್ಲಿದ್ದೇವೆ.

ಅಮ್ಮ ನನ್ನ ಕಡೆ ತಿರುಗಿ, "ಲಿಫ್ಟಲ್ಲಿ ಕರ್ಕೊಂಡು ಬಂದದ್ದು ನೀನು, ಇವ ನನ್ನತ್ರ ಕೇಳ್ತಾನಲ್ಲ ಮಾರಾಯ್ತಿ" ಅಂದರು. ಡಾಕ್ಟರ್ ಸೊನ್ನೆ ಹಾಕಿದ.

ಆಮೇಲೆ ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದ. ಹಿಂದಿಯಲ್ಲಿ. ನೀವೇ ಈಗ ಕೂತಲ್ಲೇ ಮಾಡಿ ನೋಡಿ. ಕನ್ನಡದಲ್ಲಿ ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಅಂತ ಕೇಳಿದ ತಕ್ಷಣ ಹತ್ತೂ ಬಿಡಿಯೂ ಬೇರೆ ಬೇರೆ ಕಾಣುತ್ತವೆ. ಹಿಂದಿಯಲ್ಲಿ ತಿರಾನವೆ, ಛಿಯಾಸಿ, ಉನಾಸಿ. ಮೂವತ್ತೊಂದು ವರ್ಷ ನೋಟು ಎಣಿಸಿದ ನನಗೇ ಉನಾಸಿ ಅಂದರೆ ಎಪ್ಪತ್ತೊಂಬತ್ತೋ ಎಂಬತ್ತೊಂಬತ್ತೋ ಅಂತ ಒಂದು ಕ್ಷಣ ತಡೆಯುತ್ತದೆ, ಇನ್ನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು ಏನು ಮಾಡಬೇಕು? ಅಮ್ಮ ಸುಮ್ಮನೆ ಕೂತರು. 30ಕ್ಕೆ 17 ಬಂತು. ಮರೆವಿನ ಕಾಯಿಲೆಗೆ ಕೊಡುವ ಮಾತ್ರೆ ಬರೆದುಕೊಟ್ಟ.

ಮೂರು ತಿಂಗಳಾದ ಮೇಲೆ ಬೇರೆ ಕಡೆ ತೋರಿಸಿದೆವು. ಅಲ್ಲಿಯ ಡಾಕ್ಟರ್ ಮೊದಲು ಕಿವಿಯೊಳಗೆ ಟಾರ್ಚ್ ಬಿಟ್ಟು ನೋಡಿದರು. ಎರಡೂ ಕಿವಿಯಲ್ಲಿ ಗುಗ್ಗೆ ಕಲ್ಲಿನಂತೆ ಕೂತಿತ್ತು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ12 ನೆಲ ಮುಟ್ಟಿತ್ತು. ಗುಗ್ಗೆ ತೆಗೆಸಿ, ಇಂಜೆಕ್ಷನ್ ಕೊಡಿಸಿ, ಆಮೇಲೆ ಕನ್ನಡ ಬಲ್ಲ ಒಬ್ಬರು ಕನ್ನಡದಲ್ಲೇ ಕೇಳಿದಾಗ 25 ಬಂತು. ಮರೆವು ಪೂರ್ತಿ ಹೋಯಿತು ಅಂತ ನಾನು ಹೇಳುತ್ತಿಲ್ಲ. ಗ್ಯಾಸ್ ವಿಷಯದಲ್ಲಿ ಇವತ್ತಿಗೂ ನಂಬಿಕೆ ಇಲ್ಲ. ಆದರೆ 17ಕ್ಕೂ 25ಕ್ಕೂ ನಡುವೆ ಇದ್ದ ಆ ಎಂಟು ಅಂಕದಲ್ಲಿ ಅಮ್ಮನ ಮೆದುಳಿನದ್ದೆಷ್ಟು, ಕಿವಿಯದ್ದೆಷ್ಟು, ಬಿ12ದ್ದೆಷ್ಟು, ಹಿಂದಿಯದ್ದೆಷ್ಟು? ಈ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಹೋಗಿ ಫೀಸ್ ಕಟ್ಟಿದೆ.

ಆ ಹುಡುಗನ ಮೇಲೆ ನನಗೆ ಈಗ ಸಿಟ್ಟಿಲ್ಲ. ಅವನ ಕೈಯಲ್ಲಿ ಇದ್ದದ್ದು ಆ ಫಾರ್ಮ್. ಅದು ಹುಟ್ಟಿದ್ದು 1975ರಲ್ಲಿ ಅಮೆರಿಕದಲ್ಲಿ, ಫೋಲ್‌ಸ್ಟೀನ್ ದಂಪತಿ ಮತ್ತು ಮೆಕ್‌ಹ್ಯೂ ಮಾಡಿದ್ದು. ವಾರ್ಡಿನಲ್ಲಿ ಮಲಗಿರುವ ರೋಗಿಗೆ ತಾನು ಎಷ್ಟನೇ ಮಹಡಿಯಲ್ಲಿದ್ದೇನೆ ಅಂತ ಗೊತ್ತಿರಬೇಕಾದ್ದೇ. ನಮ್ಮ ದೇಶದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಮುದುಕರ ಮರೆವಿನ ಅಧ್ಯಯನ ಮಾಡಲು ಹೊರಟವರಿಗೆ ಇದೇ ತೊಡಕು ಬಂತು. ಓದು ಬರಹ ಬಾರದವರ ಮುಂದೆ "ಕಣ್ಣು ಮುಚ್ಚಿ" ಅಂತ ಬರೆದ ಕಾಗದ ಹಿಡಿದು, ಓದಿ ಹಾಗೇ ಮಾಡಿ ಅಂದರೆ ಏನು ಪ್ರಯೋಜನ? ಅವರು ಅದನ್ನು ಬದಲಾಯಿಸಿದರು: ನಾನು ಮಾಡಿದ ಹಾಗೆ ಮಾಡಿ ಅಂತ ಹೇಳಿ ತಾವೇ ಕಣ್ಣು ಮುಚ್ಚಿ ತೋರಿಸುವುದು. ನೂರರಿಂದ ಏಳು ಬೇಡ, ಇಪ್ಪತ್ತರಿಂದ ಮೂರು ಕಳೆಯಿರಿ. ಒಂದು ವಾಕ್ಯ ಬರೆಯಿರಿ ಅನ್ನುವ ಬದಲು, ನಿಮ್ಮ ಮನೆ ಬಗ್ಗೆ ಏನಾದರೂ ಹೇಳಿ. ಇದನ್ನು ಕ್ಲಾಸಿನಲ್ಲಿ ಕೇಳಿದ ದಿನ ನನಗೆ ಎದ್ದು ನಿಂತು ಚಪ್ಪಾಳೆ ಹೊಡೆಯೋಣ ಅನ್ನಿಸಿತ್ತು. ಪಕ್ಕದಲ್ಲಿ ಕೂತ 23ರ ಹುಡುಗಿ ನನ್ನ ಮುಖ ನೋಡಿ, "ಆಂಟಿ, ಆರ್ ಯು ಓಕೆ?" ಅಂದಳು.

ಇನ್ನು ನಮ್ಮದೇ ಗಾದೆ ಇದೆಯಲ್ಲ, ಅರವತ್ತಕ್ಕೆ ಅರಳು ಮರಳು. ತಮಾಷೆಗೆ ಎಲ್ಲರೂ ಹೇಳುತ್ತೇವೆ, ನಾನೂ ಹೇಳುತ್ತಿದ್ದೆ. ಇದು ಎರಡು ಕಡೆಯಿಂದ ಕೊಲ್ಲುತ್ತದೆ. ಚೆನ್ನಾಗಿರುವವರು ಕನ್ನಡಕ ಎಲ್ಲಿಟ್ಟೆ ಅಂತ ಹುಡುಕಿದರೂ ಶುರುವಾಯ್ತು ನೋಡು ಅನ್ನುತ್ತೇವೆ. ನಿಜವಾಗಿ ಕಾಯಿಲೆ ಬಂದವರಿಗೆ ವಯಸ್ಸಾಯ್ತಲ್ಲ ಇರಲಿ ಬಿಡು ಅಂತ ಡಾಕ್ಟರ ಹತ್ತಿರವೇ ಕರೆದೊಯ್ಯುವುದಿಲ್ಲ. ಲೆಕ್ಕ ಏನು ಹೇಳುತ್ತದೆ ಅಂದರೆ, ಭಾರತದಲ್ಲಿ 60 ದಾಟಿದವರಲ್ಲಿ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇರುವವರು ಅಂದಾಜು 7.4 ಶೇಕಡ, ಸುಮಾರು 88 ಲಕ್ಷ ಜನ. ದೊಡ್ಡ ಸಂಖ್ಯೆಯೇ. ಆದರೆ ನೂರರಲ್ಲಿ ತೊಂಬತ್ತೆರಡಕ್ಕಿಂತ ಜಾಸ್ತಿ ಜನಕ್ಕೆ ಅರಳೂ ಇಲ್ಲ ಮರಳೂ ಇಲ್ಲ ಅಂತಲೂ ಅದರ ಅರ್ಥ. ವಯಸ್ಸು ನೋಡಿ ಮನುಷ್ಯನ ಬೆಲೆ ಕಟ್ಟುವ ಈ ಚಾಳಿಗೆ ರಾಬರ್ಟ್ ಬಟ್ಲರ್ ಅನ್ನುವ ಡಾಕ್ಟರ್ 1969ರಲ್ಲಿ ಏಜಿಸಂ ಅಂತ ಹೆಸರಿಟ್ಟ. ಕನ್ನಡದಲ್ಲಿ ಅದಕ್ಕೊಂದು ಪದ ಇಲ್ಲ, ಗಾದೆ ಇದೆ.

ಈ 88 ಲಕ್ಷದ ಅಂದಾಜಿನ ಹಿಂದೆ ಇರುವ ದೊಡ್ಡ ಸರ್ವೇ ನಡೆದದ್ದು ಎಲ್ಲಿಂದ ಗೊತ್ತಾ? ಇಲ್ಲಿ ದೇವನಾರ್‌ನಿಂದ. ಗೋವಂಡಿ ಸ್ಟೇಷನ್ನಿನಲ್ಲಿ ಇಳಿದು ಹೋದರೆ ಜನಸಂಖ್ಯೆಯ ಅಧ್ಯಯನಕ್ಕೇ ಇರುವ ಒಂದು ಸಂಸ್ಥೆ ಇದೆ, ಐಐಪಿಎಸ್ ಅಂತ, 1956ರದ್ದು. ಲಾಸಿ ಅನ್ನುವ ಅವರ ಸರ್ವೇ 2017-18ರಲ್ಲಿ ದೇಶದಾದ್ಯಂತ 45 ದಾಟಿದವರು, ಅವರ ಗಂಡ ಹೆಂಡತಿ ಸೇರಿ 72,250 ಜನರನ್ನು ಮಾತಾಡಿಸಿತು. ಇವರನ್ನೇ ಮತ್ತೆ ಮತ್ತೆ ಹೋಗಿ ನೋಡುವುದು ಅದರ ಯೋಜನೆ. ಒಂದೇ ಸಲ ಫೋಟೋ ತೆಗೆದರೆ ಯಾರು ಸೊರಗುತ್ತಿದ್ದಾರೆ ಅಂತ ತಿಳಿಯೋದಿಲ್ಲ ಅಲ್ವಾ. ಸುಮ್ಮನೆ ಪ್ರಶ್ನೆ ಕೇಳಿ ಬರುವುದಲ್ಲ, ಕೈ ಹಿಡಿತದ ಬಲ ಅಳೆಯುತ್ತಾರೆ, ನಡಿಗೆಯ ವೇಗ ನೋಡುತ್ತಾರೆ. ಉಪ್ಪಿನಕಾಯಿ ಬಾಟ್ಲಿಯ ಮುಚ್ಚಳ ತೆರೆಯಲು ಆಗುತ್ತದಾ ಇಲ್ಲವಾ ಅನ್ನುವುದು ಸಣ್ಣ ವಿಷಯ ಅಂತ ನಾನೂ ಅಂದುಕೊಂಡಿದ್ದೆ.

ಶಾಸ್ತ್ರದ ಹೆಸರು ಎಲ್ಲಿಂದ ಬಂತು ಅಂತಲೂ ಹೇಳಬೇಕು, ಅದರಲ್ಲಿ ಮೊಸರು ಇದೆ. ಜೆರೊಂಟಾಲಜಿ ಅನ್ನುವ ಪದ ಕೊಟ್ಟದ್ದು ಆಗಿನ ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಕೆಲಸ ಮಾಡಿದ ಮೆಚ್ನಿಕಾಫ್, 1903ರಲ್ಲಿ. ರೋಗನಿರೋಧಕ ಶಕ್ತಿಯ ಕೆಲಸಕ್ಕೆ 1908ರಲ್ಲಿ ನೊಬೆಲ್ ಪಡೆದವನು. ಮುಪ್ಪು ಬರುವುದು ದೊಡ್ಡ ಕರುಳಿನ ಕೆಟ್ಟ ಬ್ಯಾಕ್ಟೀರಿಯಾದಿಂದ, ಬಲ್ಗೇರಿಯಾದ ರೈತರು ಹುಳಿ ಮೊಸರು ತಿಂದು ಜಾಸ್ತಿ ಕಾಲ ಬದುಕುತ್ತಾರೆ ಅಂತ ಅವನ ವಾದ. ತಾನೂ ತಿನ್ನುತ್ತಿದ್ದ. 71ಕ್ಕೆ ಹೋದ. ಮೊಸರನ್ನ ಇಲ್ಲದೇ ಊಟ ಮುಗಿಯದ ನಾವು ಇದನ್ನು ಗಮನಿಸಬೇಕು. 1909ರಲ್ಲಿ ನ್ಯಾಷರ್ ಅನ್ನುವವನು ಜೆರಿಯಾಟ್ರಿಕ್ಸ್ ಅಂದ, ಮಕ್ಕಳ ವೈದ್ಯಕ್ಕೆ ಪೀಡಿಯಾಟ್ರಿಕ್ಸ್ ಅನ್ನುವ ಹಾಗೆ. ಅದು ಡಾಕ್ಟರುಗಳದ್ದು. ನಮ್ಮದು ಅದಕ್ಕಿಂತ ಅಗಲ: ದೇಹ, ಮನಸ್ಸು, ಮನೆ, ದುಡ್ಡು, ಕಾನೂನು, ಮೆಟ್ಟಿಲು.

ದೇಹದ ಪಾಠ ಶುರುವಾದ ವಾರ ನಾನು ಮನೆಗೆ ಬಂದು ಎರಡು ಬಲ್ಬ್ ಬದಲಾಯಿಸಿದೆ. 60ರವರ ಕಣ್ಣಿನ ಪರದೆಗೆ ತಲುಪುವ ಬೆಳಕು 20ರವರಿಗೆ ತಲುಪುವುದರ ಮೂರರಲ್ಲಿ ಒಂದು ಪಾಲು ಅಷ್ಟೆ. ಪಾಪೆ ಸಣ್ಣದಾಗುತ್ತದೆ, ಮಸೂರ ಹಳದಿಯಾಗುತ್ತದೆ. ಕರೆಂಟ್ ಬಿಲ್ ಉಳಿಸಲು ಅಡುಗೆಮನೆಯಲ್ಲಿ ಜೀರೋ ಬಲ್ಬ್ ಹಾಕಿ, ಅತ್ತೆ ಅಕ್ಕಿ ಸರಿಯಾಗಿ ಆರಿಸಲ್ಲ ಅನ್ನುವವರು ಇಲ್ಲಿ ಯಾರಾದರೂ ಇದ್ದೀರಾ? ಕಿವಿಯದ್ದೂ ಹಾಗೆ. ಮೊದಲು ಹೋಗುವುದು ಸಣ್ಣ ಕೀಚಲು ಸದ್ದು, ಅಂದರೆ ಸ, ಶ, ಚ ಥರದ ವ್ಯಂಜನಗಳು. ಸ್ವರ ಕೇಳುತ್ತದೆ, ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ನಾವು ಕಿರುಚುತ್ತೇವೆ. ಕಿರುಚಿದರೆ ಸ್ವರವೇ ಜೋರಾಗುವುದು, ಜತೆಗೆ ಬೈದ ಹಾಗೂ ಕೇಳುತ್ತದೆ. ಫ್ಯಾನ್ ನಿಲ್ಲಿಸಿ, ಟೀವಿ ಆರಿಸಿ, ಎದುರಿಗೆ ಕೂತು ನಿಧಾನ ಹೇಳಿ. ಹಳಿಯ ಪಕ್ಕ ಮನೆ ಇರುವವರು ಲೋಕಲ್ ಹೋಗುವವರೆಗೆ ಕಾಯಿರಿ.

ಬೀಳುವುದರ ಬಗ್ಗೆ ಒಂದು ಪೂರ್ತಿ ಪೇಪರ್ ಇತ್ತು. ಅದರಲ್ಲಿ ನನಗೆ ಮರೆಯದೇ ಉಳಿದದ್ದು ಸ್ವೀಡನ್ನಿನವರು 1997ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಅಧ್ಯಯನ. ಯಂತ್ರವಿಲ್ಲ ಏನಿಲ್ಲ. ವಯಸ್ಸಾದವರ ಜತೆ ನಡೆಯುತ್ತಾ ನಡೆಯುತ್ತಾ ಮಾತು ಶುರು ಮಾಡುವುದು, ಅವರು ಉತ್ತರ ಹೇಳಲು ನಿಲ್ಲುತ್ತಾರಾ ನೋಡುವುದು. 58 ಜನರಲ್ಲಿ 12 ಜನ ನಿಂತರು. ಆ 12ರಲ್ಲಿ 10 ಜನ ಮುಂದಿನ ಆರು ತಿಂಗಳೊಳಗೆ ಬಿದ್ದರು. ನಡೆಯುವುದಕ್ಕೇ ಪೂರ್ತಿ ಗಮನ ಬೇಕಾಗಿರುವವರು ಮಾತಿಗೆ ಗಮನ ಕೊಡಬೇಕಾದರೆ ಕಾಲು ನಿಲ್ಲಿಸಲೇಬೇಕು. ಇದನ್ನು ಓದಿದ ಮೇಲೆ ದಾದರ್ ಬ್ರಿಡ್ಜಿನ ಮೇಲೆ ನನಗೆ ಬೇರೆ ಏನೂ ಕಾಣುವುದಿಲ್ಲ.

ಫೀಲ್ಡ್‌ವರ್ಕ್ ಕತೆಗೆ ಬರುತ್ತೇನೆ. ಓದಿನಲ್ಲಿ ರುಚಿ ಇರುವುದೇ ಅಲ್ಲಿ. ಹತ್ತು ಜನರ ಮನೆಗೆ ಹೋಗಿ ಎರಡು ಫಾರ್ಮ್ ತುಂಬಬೇಕಿತ್ತು. ಒಂದು 1963ರ ಕಾಟ್ಜ್ ಫಾರ್ಮ್: ಸ್ನಾನ, ಬಟ್ಟೆ, ಪಾಯಿಖಾನೆ, ಎದ್ದು ಕೂರುವುದು, ಮೂತ್ರ ಮಲದ ಹಿಡಿತ, ಊಟ. ಇನ್ನೊಂದು 1969ರ ಲಾಟನ್ ಮತ್ತು ಬ್ರೋಡಿ ಮಾಡಿದ್ದು: ಫೋನು, ಅಂಗಡಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಪ್ರಯಾಣ, ಮಾತ್ರೆ, ಹಣಕಾಸು. ಒಟ್ಟು ಎಂಟು ಅಂಕ. ಆದರೆ ಇದು ಹೆಂಗಸರಿಗೆ. ಗಂಡಸರಿಗೆ ಮೊದಲಿನಿಂದ ಐದೇ ಅಂಕ, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು ಅವರನ್ನು ಕೇಳುವ ರೂಢಿ ಇರಲಿಲ್ಲ. 1969ರ ಅಮೆರಿಕದ ಗಂಡಸು ಅಡುಗೆ ಮಾಡುವುದಿಲ್ಲ ಅಂತ ಲೆಕ್ಕ.

ಈ ಫಾರ್ಮ್ ಹಿಡಿದು ನಾನು ಹೋದದ್ದು ವಡಾಲಾದಲ್ಲಿ ಒಬ್ಬ ಭಟ್ಟರ ಮನೆಗೆ. ಹೋಟೆಲ್ ಭಟ್ಟರು. ಕಾರ್ಕಳದ ಕಡೆಯವರು, 13ನೇ ವಯಸ್ಸಿಗೆ ಫೋರ್ಟಿನ ಉಡುಪಿ ಹೋಟೆಲಿಗೆ ಬಂದು, ರಾತ್ರಿ ಶಾಲೆಯಲ್ಲಿ ಎರಡು ಕ್ಲಾಸ್ ಓದಿ ನಿದ್ದೆ ತಡೆಯಲಾರದೆ ಬಿಟ್ಟು, ಕೊನೆಗೆ ಸಾಂಬಾರಿನ ಹಂಡೆಯ ಮುಂದೆ ನಲವತ್ತು ವರ್ಷ ನಿಂತವರು. ಫಾರ್ಮಿನ ಪ್ರಕಾರ ಇವರನ್ನು ಅಡುಗೆ ಬಗ್ಗೆ ಕೇಳಬೇಕಾಗಿಲ್ಲ. ನಾನು ಕೇಳಿದೆ. "ಅಡುಗೆ ಮಾಡ್ತೀರಾ ಭಟ್ರೇ?" ಅವರು "ಇಲ್ಲಪ್ಪ" ಅಂದರು. ಹೇಳಿ ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದರು. ಜತೆಗೆ ಅವಲಕ್ಕಿಗೆ ಒಗ್ಗರಣೆ ಹಾಕಿ ತಂದರು, ಕರಿಬೇವು ಇನ್ನೂ ಚಟಪಟ ಅನ್ನುತ್ತಿತ್ತು. ಅವರ ಮಟ್ಟಿಗೆ ಅಡುಗೆ ಅಂದರೆ ಇನ್ನೂರು ಜನಕ್ಕೆ ಮಾಡುವುದು. ಹಾಗಾದರೆ ಇದು? "ಇದೆಂತ ಅಡುಗೆ?" ಈಗ ನಾನು ಏನು ಬರೆಯಲಿ? ಸೊನ್ನೆಯಾ ಒಂದಾ? ಮಾರ್ಜಿನ್ನಿನಲ್ಲಿ ಅಷ್ಟೂ ಕತೆ ಬರೆದೆ. ಮೇಡಂ ಕೆಂಪು ಇಂಕಿನಲ್ಲಿ "ಕೋಡ್ ಮಾಡಿ", ಅಂದರೆ ಕತೆ ಬೇಡ ಅಂಕ ಹಾಕಿ, ಅಂತ ಬರೆದು ವಾಪಸ್ ಕೊಟ್ಟರು. ಒಂದು ಕೊಟ್ಟೆ.

ಲಾಟನ್ನೇ ಇನ್ನೊಂದು ಮಾತು ಹೇಳಿದ್ದಾನೆ, ನಹೆಮೊ ಅನ್ನುವವರ ಜತೆ ಸೇರಿ 1973ರಲ್ಲಿ. ಮನುಷ್ಯನಿಗೆ ಏನು ಆಗುತ್ತದೆ ಅನ್ನುವುದು ಅವನ ಕೈಕಾಲಿನ ಮೇಲೆ ಮಾತ್ರ ನಿಂತಿಲ್ಲ, ಅವನು ಇರುವ ಜಾಗ ಅವನಿಂದ ಎಷ್ಟು ಕೇಳುತ್ತದೆ ಅನ್ನುವುದರ ಮೇಲೂ ನಿಂತಿದೆ. ಮುಂಬೈಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಪರೇಲಿನ ಒಂದು ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ಹಳೇ ಕಟ್ಟಡದಲ್ಲಿ, ಲಿಫ್ಟಿಲ್ಲದ ನಾಲ್ಕನೇ ಮಾಳಿಗೆಯಲ್ಲಿ ಒಬ್ಬ ಶೆಟ್ಟಿ ಅಮ್ಮ ಸಿಕ್ಕರು. ಎರಡು ವರ್ಷದಿಂದ ರಸ್ತೆ ಮುಟ್ಟಿಲ್ಲ. ನೆಲದ ಮೇಲೆ ಚೆನ್ನಾಗಿ ನಡೆಯುತ್ತಾರೆ, ಮೆಟ್ಟಿಲು ಆಗುವುದಿಲ್ಲ. ಹಾಗಂತ ಒಂಟಿಯಲ್ಲ. ಗ್ಯಾಲರಿಯಲ್ಲಿ ಸ್ಟೂಲ್ ಹಾಕಿ ಕೂತರೆ ಇಡೀ ಮಾಳಿಗೆ ಅವರ ಮುಂದೆಯೇ ಹಾದುಹೋಗಬೇಕು, ಯಾರ ಮಗು ಎಷ್ಟಕ್ಕೆ ಬಂತು ಅವರಿಗೆ ಗೊತ್ತು. ಇನ್ನೊಬ್ಬರು, ಚಾಳು ಒಡೆದು ರೀಡೆವಲಪ್‌ಮೆಂಟ್ ಆದ ಟವರಿನ 17ನೇ ಮಹಡಿಯವರು. ಲಿಫ್ಟ್ ಇದೆ, ಕೆಳಗೆ ಗಾರ್ಡನ್ ಇದೆ. ದಿನಾ ಇಳಿಯುತ್ತಾರೆ, ಬೆಂಚಿನ ಮೇಲೆ ಕೂತು ಮೇಲೆ ಹೋಗುತ್ತಾರೆ. ಪಕ್ಕದ ಫ್ಲ್ಯಾಟಿನವರ ಹೆಸರು ಕೇಳಿದೆ. "ಬಾಗಿಲು ಮುಚ್ಚಿಯೇ ಇರ್ತದೆ" ಅಂದರು. ಯಾರಿಗೆ ಜಾಸ್ತಿ ಅಂಕ ಕೊಡುತ್ತೀರಿ?

ಊರಿಗೆ ಹೋಗಿ ನೆಲೆಸುವ ಕನಸು ಇಲ್ಲಿರುವ ಎಷ್ಟು ಜನಕ್ಕಿದೆ? ಅದೂ ಇದೇ ಲೆಕ್ಕ. ನಿವೃತ್ತಿ ಹಣದಲ್ಲಿ ಊರಲ್ಲಿ ಮನೆ ಕಟ್ಟಿಸಿ, ಮತ್ಸ್ಯಗಂಧ ರೈಲಿನಲ್ಲಿ ಸಾಮಾನು ಸಾಗಿಸಿ, ಎರಡು ಮಳೆಗಾಲ ಕಳೆದು ವಾಪಸ್ ಬಂದವರನ್ನು ನಾನು ನಾಲ್ಕು ಜನರನ್ನು ನೋಡಿದ್ದೇನೆ. ಕಾರಣ ಕೇಳಿದರೆ ಆಸ್ಪತ್ರೆ ದೂರ ಅನ್ನುತ್ತಾರೆ. ಇನ್ನೂ ಸ್ವಲ್ಪ ಹೊತ್ತು ಕೂತರೆ, ಅಲ್ಲಿ ನಮ್ಮನ್ನು ಬೊಂಬಾಯಿಯವರು ಅಂತಾರೆ ಮಾರಾಯ್ರೇ, ಅನ್ನುತ್ತಾರೆ.

ಕಾನೂನಿನದ್ದು ಎರಡೇ ಮಾತು. 2007ರ ಕಾಯ್ದೆಯ ಪ್ರಕಾರ ಮಕ್ಕಳು ನೋಡಿಕೊಳ್ಳದಿದ್ದರೆ ಟ್ರಿಬ್ಯುನಲ್ಲಿಗೆ ಹೋಗಬಹುದು, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಅಂತ ಅದರಲ್ಲಿ ಮಿತಿ ಇಟ್ಟರು. ಅದಕ್ಕಿಂತ ಮುಖ್ಯ 23ನೇ ಸೆಕ್ಷನ್: ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಆಮೇಲೆ ನೋಡಿಕೊಳ್ಳದೇ ಹೋದರೆ ಆ ದಾನಪತ್ರವನ್ನು ರದ್ದು ಮಾಡಿಸಬಹುದು. ಹಾಗಾಗಿ ಫ್ಲ್ಯಾಟ್ ಬರೆದುಕೊಡುವವರು ಆ ಷರತ್ತನ್ನೂ ಪತ್ರದಲ್ಲಿ ಬರೆಸಿ. ಮಗ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಹಿರಿಯರ ಸಹಾಯವಾಣಿ 14567, ಫೋನಿನಲ್ಲಿ ಹಾಕಿಕೊಳ್ಳಿ.

ಮಕ್ಕಳು ಈ ಕೋರ್ಸ್ ಓದಿದರೆ ಕೆಲಸ ಸಿಗುತ್ತದಾ ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಸುಳ್ಳು ಹೇಳಲ್ಲ, ಐಟಿಯ ಹಾಗೆ ಕ್ಯಾಂಪಸ್ಸಿಗೆ ಬಂದು ಎತ್ತಿಕೊಂಡು ಹೋಗುವುದಿಲ್ಲ. ಡಾಕ್ಟರ್ ಓದಿಗೇ ಈ ವಿಷಯ ನಮ್ಮ ದೇಶದಲ್ಲಿ ತಡವಾಗಿ ಬಂತು, ಜೆರಿಯಾಟ್ರಿಕ್ಸ್ ಎಂಡಿ ಮೊದಲು ಶುರುವಾದದ್ದು 1996ರಲ್ಲಿ, ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ. ನಮ್ಮಂಥವರಿಗೆ ಇರುವುದು ಸಂಸ್ಥೆಗಳು, ಡೇ ಕೇರ್, ಸರ್ವೇ, ಮೆಮೊರಿ ಕ್ಲಿನಿಕ್. ಸಂಬಳ ಕಡಿಮೆ. ಆದರೆ ಕನ್ನಡ, ತುಳು, ಕೊಂಕಣಿ ಬಲ್ಲವರು ಒಬ್ಬರು ಆ ಕೋಣೆಯಲ್ಲಿ ಇದ್ದಿದ್ದರೆ ನಮ್ಮಮ್ಮನಿಗೆ ಮೂರು ತಿಂಗಳು ಬೇಡದ ಮಾತ್ರೆ ಹೋಗುತ್ತಿರಲಿಲ್ಲ. 2050ಕ್ಕೆ ಈ ದೇಶದಲ್ಲಿ ಐವರಲ್ಲಿ ಒಬ್ಬರು 60 ದಾಟಿದವರು ಅಂತ ಅಂದಾಜು. ಅವರು ಎಷ್ಟು ಭಾಷೆಯಲ್ಲಿ ಲೆಕ್ಕ ಹಾಕುತ್ತಾರೆ, ನೀವೇ ಎಣಿಸಿ.

ಕೊನೆಗೆ ಒಂದು ಸಣ್ಣ ಆಟ ಆಡಿದೆವು. ಕೈ ಇರುವ ಕುರ್ಚಿ ಒಂದು. ಅಲ್ಲಿಂದ ಮೂರು ಮೀಟರ್ ದೂರಕ್ಕೆ ನೆಲದ ಮೇಲೆ ಟೇಪ್. ಕುರ್ಚಿಯಿಂದ ಎದ್ದು, ಟೇಪ್‌ವರೆಗೆ ನಡೆದು, ತಿರುಗಿ, ಬಂದು ಕೂರಬೇಕು. 1991ರಿಂದ ಇರುವ ಪರೀಕ್ಷೆ ಇದು. ಹನ್ನೆರಡು ಸೆಕೆಂಡು ದಾಟಿದರೆ ಬೀಳುವ ಭಯ ಇದೆ ಅಂತ ಎಚ್ಚರ ವಹಿಸುತ್ತಾರೆ. ಯಾರೂ ಏಳಲಿಲ್ಲ. ಆಮೇಲೆ ಮುಂದಿನ ಸಾಲಿನಿಂದ ಮಾಸ್ತರರು ಎದ್ದರು. ರಾತ್ರಿ ಶಾಲೆಯಲ್ಲಿ ಪಾಠ ಮಾಡಿದವರು, ಈಗ 83, ಬಿಳಿ ಅಂಗಿಗೆ ಇಸ್ತ್ರಿ ಮಡಿಕೆ ಹಾಗೇ ಇತ್ತು. ಸಭೆಯಲ್ಲಿ ಅರ್ಧ ಜನ ಅವರ ಶಿಷ್ಯರೇ. ಕುರ್ಚಿಯ ಕೈ ಮುಟ್ಟದೇ ಎದ್ದರು. ಚೆನ್ನಾಗಿ ನಡೆದರು. ಟೇಪ್ ದಾಟಿ ತಿರುಗಿ ಎರಡು ಹೆಜ್ಜೆ ಬಂದಿದ್ದರು, ಅಷ್ಟರಲ್ಲಿ ಹಿಂದಿನಿಂದ ಒಬ್ಬರು, "ಮಾಷ್ಟ್ರೇ, ಸ್ಪೀಡ್ ಸಾಲುದಿಲ್ಲ!" ಅಂತ ಕೂಗಿದರು. ಮಾಸ್ತರರು ನಿಂತರು. ಯಾರು ಅಂತ ಕತ್ತೆತ್ತಿ ನೋಡಿದರು. "ನಿನ್ನ ಗಣಿತದ ಹೋಮ್‌ವರ್ಕ್ ಇನ್ನೂ ಬಾಕಿ ಇದೆ, ನೆನಪಿದೆಯಾ?" ಅಂದರು. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು, ಚಪ್ಪಾಳೆ. ಆಮೇಲೆ ನಡೆದು ಬಂದು ಕೂತರು.

ನಾನೂ ನಕ್ಕೆ. ಕಾಫಿ ಕುಡಿಯುವಾಗ ಅವರ ಸೊಸೆಯನ್ನು ಪಕ್ಕಕ್ಕೆ ಕರೆದು, ಬಾತ್‌ರೂಮಿನಲ್ಲಿ ಹಿಡಿಕೆ ಹಾಕಿಸಿದ್ದೀರಾ ಅಂತ ಕೇಳಿದೆ.